ನಾಲ್ಕನೇ ಸ್ಲಾಟಿನ ಪಿನ್ನು

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಸ್ವಿಚ್ ತಯಾರಿಸುವ ಕಂಪನಿಗಳು ದಪ್ಪ ಕೈಪಿಡಿ ಕೊಡುತ್ತವೆ. ಮಾಡ್ಯೂಲನ್ನು ಹೇಗೆ ಹಿಡಿಯಬೇಕು, ಯಾವ ಸ್ಕ್ರೂ ಮೊದಲು ಬಿಗಿಯಬೇಕು, ದೀಪ ಹಳದಿಯಾದರೆ ಏನು ನೋಡಬೇಕು ಎಲ್ಲವೂ ಅದರಲ್ಲಿರುತ್ತದೆ. ಅದರಲ್ಲಿ ಇಲ್ಲದ ಒಂದು ಸಂಗತಿಯನ್ನು ಬರೆಯಲು ಕುಳಿತಿದ್ದೇನೆ. ಮಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಈ ಕೆಲಸ ಮಾಡಿದೆ. ಅದರಲ್ಲಿ ಆರು ವರ್ಷವನ್ನು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಲವೀನಾಳ ಮೇಲಿನ ಹೊಟ್ಟೆಕಿಚ್ಚಿನಲ್ಲೇ ಕಳೆದೆ. ಹೊಟ್ಟೆಕಿಚ್ಚಿನವನ ಕೈ ಯಂತ್ರದ ಮೇಲೆ ಹೇಗೆ ಬೀಳುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.

ಲವೀನಾ ಬರುವ ಮೊದಲು ನಮ್ಮ ಕಚೇರಿಯಲ್ಲಿ ಚಾಸಿ ಮುಟ್ಟುವ ಧೈರ್ಯ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ನಮ್ಮ ಮುಖ್ಯಸ್ಥರಾದ ಪೈಗಳು, ಇನ್ನೊಬ್ಬ ನಾನು. ಚಾಸಿ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ: ಒಂದು ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಸ್ವಿಚ್ಚಿನ ದೊಡ್ಡ ಕಬ್ಬಿಣದ ಪೆಟ್ಟಿಗೆ ಅದು. ಮೇಜಿನ ಡ್ರಾಯರುಗಳ ಹಾಗೆ ಅಡ್ಡಡ್ಡ ಖಾನೆಗಳಿರುತ್ತವೆ, ಅವುಗಳಿಗೆ ಸ್ಲಾಟ್ ಎನ್ನುತ್ತೇವೆ. ಒಂದೊಂದು ಸ್ಲಾಟಿನಲ್ಲಿ ಒಂದೊಂದು ಮಾಡ್ಯೂಲ್. ಒಂದು ಮಾಡ್ಯೂಲಿಗೆ ನಲವತ್ತೆಂಟು ಕೇಬಲ್ ಹಾಕಬಹುದು. ಪೆಟ್ಟಿಗೆಯ ಹಿಂಗೋಡೆಯಲ್ಲಿ ಎಲ್ಲ ಮಾಡ್ಯೂಲುಗಳನ್ನೂ ಜೋಡಿಸುವ ಒಂದು ಹಲಗೆ ಇರುತ್ತದೆ, ಅದರ ತುಂಬ ಸೂಜಿಯಂಥ ಪಿನ್ನುಗಳು. ಮಾಡ್ಯೂಲನ್ನು ಒಳಗೆ ಜಾರಿಸಿದಾಗ ಅದು ಹೋಗಿ ಆ ಪಿನ್ನುಗಳ ಮೇಲೆ ಕೂರಬೇಕು.

ನಾನು ಮೊದಲ ಸಲ ಮಾಡ್ಯೂಲ್ ಹಾಕಿದಾಗ ಪೈಗಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದ್ದರು.

"ಎಂತ ಮಾರಾಯ, ಬಸ್ಸಿಗೆ ಜನ ತುಂಬಿಸಿದ ಹಾಗೆ ದೂಡ್ತಿ? ಎರಡೂ ಬದಿಯ ಲಿವರ್ ಒಟ್ಟಿಗೆ ಮಡಚಬೇಕು. ಅದು ಹೋಗದಿದ್ದರೆ ತೆಗಿ. ಟಾರ್ಚ್ ಹಿಡಿದು ನೋಡು. ಮತ್ತೆ ಹಾಕು. ದೂಡುವ ಕೆಲಸ ನಮ್ಮದಲ್ಲ."

ಪೈಗಳು ಹೊಗಳಿದ್ದನ್ನು ನಾನು ಕೇಳಿದವನಲ್ಲ. ಕೆಲಸ ಸರಿಯಾದರೆ ಸುಮ್ಮನೆ ಎದ್ದು ಹೋಗುತ್ತಿದ್ದರು. ಅವರ ಮೌನವೇ ಹೊಗಳಿಕೆ ಎಂದು ತಿಳಿದು ನಾನು ಏಳೆಂಟು ವರ್ಷ ಸುಖವಾಗಿದ್ದೆ.

ಆಮೇಲೆ ಲವೀನಾ ಸೇರಿದಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳ ಮನೆಯಲ್ಲಿ ಎಲ್ಲರೂ ಟೀಚರು, ನರ್ಸು. ಇವಳೊಬ್ಬಳು ಸ್ಕ್ರೂಡ್ರೈವರ್ ಹಿಡಿದಳು. ನನ್ನನ್ನು ದಿವಾಕರಣ್ಣ ಎಂದು ಕರೆಯುತ್ತಿದ್ದಳು. ಮೊದಲ ವಾರದಲ್ಲೇ ಪೈಗಳು ಅವಳ ಹತ್ತಿರ ಕೊಂಕಣಿಯಲ್ಲಿ ಮಾತಾಡಲು ಶುರು ಮಾಡಿದರು. ಅವರ ಕೊಂಕಣಿ ಬೇರೆ, ಇವಳ ಕೊಂಕಣಿ ಬೇರೆ ಎಂದು ಇಬ್ಬರೂ ಹೇಳುತ್ತಿದ್ದರು. ಆದರೂ ನಗುವಷ್ಟು ಅರ್ಥವಾಗುತ್ತಿತ್ತು. ನನ್ನ ಮನೆಮಾತು ತುಳು. ಅವರು ನಗುವಾಗ ನಾನು ಕೇಬಲ್ ಸುತ್ತುತ್ತಾ ಕೂರುತ್ತಿದ್ದೆ.

ಹೊಟ್ಟೆಯಲ್ಲಿ ನಿಜವಾಗಿ ಬೆಂಕಿ ಹತ್ತಿದ್ದು ಬೈಕಂಪಾಡಿಯಲ್ಲಿ. ಅಲ್ಲಿ ಮೀನು ಪ್ಯಾಕ್ ಮಾಡುವ ಒಂದು ಕಾರ್ಖಾನೆ ಇತ್ತು. ಅದರ ಚಾಸಿಯಲ್ಲಿ ಒಂದು ಮಾಡ್ಯೂಲ್ ಪ್ರತಿದಿನ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ನಾನು ಮಾಡ್ಯೂಲ್ ಬದಲಿಸಿದೆ. ಪವರ್ ಸಪ್ಲೈ ಬದಲಿಸಿದೆ. ಇಡೀ ಪೆಟ್ಟಿಗೆಯನ್ನು ನಡೆಸುವ ಮುಖ್ಯ ಕಾರ್ಡನ್ನೂ ಬದಲಿಸಿದೆ. ಮೂರು ದಿನ ಹೋಯಿತು. ನಾಲ್ಕನೇ ದಿನ ಪೈಗಳು ಲವೀನಾಳನ್ನು ನನ್ನ ಜೊತೆ ಕಳುಹಿಸಿದರು.

ಅವಳು ಚಾಸಿಯ ಹತ್ತಿರ ಹೋಗಲೇ ಇಲ್ಲ. ಆಫೀಸಿನಲ್ಲಿ ಕುಳಿತಿದ್ದ ಗುಮಾಸ್ತೆಯ ಪಕ್ಕ ಕುರ್ಚಿ ಎಳೆದು ಕುಳಿತಳು.

"ಎರಡು ಗಂಟೆಗೆ ಇಲ್ಲಿ ಎಂತ ಆಗ್ತದೆ ಅಕ್ಕ?"

"ಎಂತ ಆಗುವುದು? ಒಂದು ಗಂಟೆಗೆ ಎಸಿ ಆಫ್ ಮಾಡಿ ಊಟಕ್ಕೆ ಹೋಗ್ತೇವೆ. ಬಂದು ಪುನಃ ಹಾಕ್ತೇವೆ."

ಲವೀನಾ ಎದ್ದು ಬಂದು ಚಾಸಿಯ ಮುಂದೆ ಅಂಗೈ ಹಿಡಿದು ಮೇಲಿನಿಂದ ಕೆಳಗೆ ತಂದಳು. ಒಂದು ಖಾಲಿ ಸ್ಲಾಟಿನ ಎದುರು ಕೈ ನಿಂತಿತು. ಖಾಲಿ ಸ್ಲಾಟುಗಳಿಗೆ ತಗಡಿನ ಮುಚ್ಚಳ ಹಾಕಲೇಬೇಕು. ಇಲ್ಲದಿದ್ದರೆ ಫ್ಯಾನಿನ ಗಾಳಿ ಮಾಡ್ಯೂಲುಗಳ ಮೇಲೆ ಹಾಯದೆ ಆ ತೂತಿನಿಂದ ಹೋಗಿಬಿಡುತ್ತದೆ. ಎಸಿ ಇದ್ದಾಗ ಹೇಗೋ ನಡೆಯುತ್ತದೆ, ಇಲ್ಲದಿದ್ದರೆ ಪಕ್ಕದ ಮಾಡ್ಯೂಲ್ ಕಾದು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಮುಚ್ಚಳ ರ‍್ಯಾಕಿನ ತಲೆಯ ಮೇಲೆ ಧೂಳು ಹಿಡಿದು ಕುಳಿತಿತ್ತು. ಅದನ್ನು ಅಲ್ಲಿ ಇಟ್ಟವನು ನಾನೇ, ಹಿಂದಿನ ತಿಂಗಳು ಬಂದಾಗ. ಅವಳು ನನ್ನ ಮುಖ ನೋಡಿದಳು, ಮುಚ್ಚಳ ಹಾಕಿದಳು, ಎರಡು ಸ್ಕ್ರೂ ಬಿಗಿದಳು. ಕಚೇರಿಗೆ ಬಂದು ಪೈಗಳ ಹತ್ತಿರ "ಮುಚ್ಚಳ ಇರಲಿಲ್ಲ ಸರ್" ಎಂದಷ್ಟೇ ಹೇಳಿದಳು. ಪೈಗಳು ಅಂದು ಮೊದಲ ಸಲ "ಗುಡ್" ಎಂದರು.

ಆ ಒಂದು ಶಬ್ದ ನನ್ನ ಎದೆಯಲ್ಲಿ ವರ್ಷಗಟ್ಟಲೆ ಕೂತಿತು. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ ಎಂಬ ಉಪಕಾರ ಇನ್ನೂ ಹೆಚ್ಚು ಚುಚ್ಚಿತು.

ಆಮೇಲೆ ಗಿರಾಕಿಗಳು ಫೋನಿನಲ್ಲಿ ಕೇಳಲು ಶುರು ಮಾಡಿದರು, "ಲವೀನಾ ಮೇಡಂ ಬರ್ತಾರಾ?" ನಾನು ಹೋದರೆ ನೀರು ಕೊಡುತ್ತಿದ್ದವರು ಅವಳು ಹೋದರೆ ಕಾಫಿ ಕೊಡುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ನಾನು ಅವಳ ಸುದ್ದಿಯನ್ನೇ ಎತ್ತುತ್ತಿದ್ದೆ. ಒಂದು ದಿನ ಹೆಂಡತಿ ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದಳು, "ನಿಮಗೆ ಆ ಹುಡುಗಿಯ ಮೇಲೆ ಮನಸ್ಸು ಉಂಟಾ ಎಂತ?" ಪ್ರೀತಿಯಾಗಿದ್ದರೆ ಹೇಳಿಬಿಡಬಹುದಿತ್ತು. ಇದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಸಣ್ಣ ಸಣ್ಣ ಕೆಟ್ಟತನ ಮಾಡಿದೆ. ಒಮ್ಮೆ ಅವಳು ಒಂದು ಕಾಲೇಜಿನಿಂದ ಫೋನ್ ಮಾಡಿದಳು. ಹೊಸ ಮಾಡ್ಯೂಲ್ ಹಾಕಿದ್ದಾಳೆ, ದೀಪ ಹಳದಿಯಲ್ಲೇ ನಿಂತಿದೆ, ಹಸಿರಾಗುತ್ತಿಲ್ಲ. ನನಗೆ ಕಾರಣ ಗೊತ್ತಿತ್ತು. ಪೆಟ್ಟಿಗೆಯ ಪವರ್ ಸಪ್ಲೈ ಅಷ್ಟೊಂದು ಮಾಡ್ಯೂಲುಗಳಿಗೆ ಸಾಲುವುದಿಲ್ಲ, ಎರಡನೆಯದನ್ನು ಹಾಕಬೇಕು. ಹಿಂದಿನ ವರ್ಷ ನಾನೇ ಅದಕ್ಕೆ ಒಂದು ದಿನ ಕಳೆದಿದ್ದೆ.

"ಗೊತ್ತಿಲ್ಲ ಲವೀನಾ. ಕಂಪನಿಗೆ ಬರೆದು ಕೇಳು" ಎಂದೆ.

ಮೂರು ಗಂಟೆ ತಲೆ ಕೆಡಿಸಿಕೊಂಡು ಅವಳೇ ಕಂಡುಹಿಡಿದಳು. ಮರುದಿನ ಕಚೇರಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿತ್ತು. ಯಾವ ಪವರ್ ಸಪ್ಲೈಗೆ ಎಷ್ಟು ಮಾಡ್ಯೂಲ್ ಹಾಕಬಹುದು ಎಂದು ಚಂದದ ಅಕ್ಷರದಲ್ಲಿ ಬರೆದಿದ್ದಳು. ಎಲ್ಲರೂ ಅದನ್ನು ನೋಡಿ ಕೆಲಸ ಮಾಡಿದರು. ನಾನೂ ಮಾಡಿದೆ, ಯಾರೂ ಇಲ್ಲದಾಗ ನೋಡಿ.

ಇನ್ನು ಆಸ್ಪತ್ರೆಯ ವಿಷಯ. ಊರಿನ ಒಂದು ಖಾಸಗಿ ಆಸ್ಪತ್ರೆಯ ಚಾಸಿ ನಮ್ಮ ಜವಾಬ್ದಾರಿಯಲ್ಲಿತ್ತು. ಅದರ ಮೇಲ್ವಿಚಾರಣೆಯನ್ನು ಪೈಗಳು ಲವೀನಾಳಿಗೆ ವಹಿಸಿದ್ದರು. ಒಂದು ಭಾನುವಾರ ಹೊಸ ಮಾಡ್ಯೂಲ್ ಹಾಕಬೇಕಿತ್ತು. ಅವಳ ತಂಗಿಯ ಮದುವೆ ಇದ್ದುದರಿಂದ ನಾನು ಹೋದೆ. ಹೊರರೋಗಿಗಳಿಲ್ಲದ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಬಾಗಿಲು ತೆರೆದು ನನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಇಣುಕಿದರು.

"ಲವೀನಾ ಮೇಡಂ ಇಲ್ವಾ?"

"ಯಾಕೆ, ನಾನು ಸಾಕಾಗುವುದಿಲ್ವಾ?"

"ಹಾಗಲ್ಲ. ಅವರಿಗೆ ಇಲ್ಲಿಯದೆಲ್ಲ ಗೊತ್ತುಂಟು."

ಆ ಬಿಸಿಯಲ್ಲೇ ಮಾಡ್ಯೂಲ್ ಎತ್ತಿ ನಾಲ್ಕನೇ ಸ್ಲಾಟಿಗೆ ಇಟ್ಟೆ. ಬಲಬದಿ, ಮಾಡ್ಯೂಲ್ ಜಾರುವ ಕಂಬಿಯ ಮೇಲೆ ಸರಿಯಾಗಿ ಕೂತಿರಲಿಲ್ಲ. ಒಳಗೆ ಹೋಗಲಿಲ್ಲ. ತೆಗೆಯಬೇಕಿತ್ತು. ದೂಡಿದೆ. ಬಳೆ ಒಡೆದಂತೆ ಸಣ್ಣದೊಂದು ಸದ್ದಾಯಿತು. ಹೊರಗೆಳೆದು ಟಾರ್ಚಿನ ಬೆಳಕು ಬಿಟ್ಟು ನೋಡಿದೆ. ಹಿಂಗೋಡೆಯಲ್ಲಿ ಒಂದು ಪಿನ್ನು ಬಾಗಿ ಪಕ್ಕದ ಪಿನ್ನಿಗೆ ಕೂದಲೆಳೆಯಷ್ಟು ಹತ್ತಿರ ಹೋಗಿತ್ತು. ಎರಡೂ ತಗುಲಿದರೆ ಇಡೀ ಪೆಟ್ಟಿಗೆಯೇ ನಿಲ್ಲುತ್ತದೆ.

ಅದನ್ನು ಅಲ್ಲೇ ಸರಿಮಾಡಲು ಬರುವುದಿಲ್ಲ. ಹಿಂದಿನ ಹಲಗೆಯನ್ನೇ, ಹೆಚ್ಚುಕಡಿಮೆ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ಪೈಗಳಿಗೆ ಫೋನ್ ಮಾಡಬೇಕೆಂದು ಮೊಬೈಲ್ ತೆಗೆದೆ. ಲವೀನಾಳ ಚಾಸಿಯನ್ನು ದಿವಾಕರ ಹಾಳು ಮಾಡಿದ ಎಂದು ನಾಳೆ ಕಚೇರಿಯಲ್ಲಿ ಎಲ್ಲರೂ ಹೇಳುವುದು ಕಿವಿಗೆ ಕೇಳಿಸಿತು. ಮೊಬೈಲ್ ಜೇಬಿಗೆ ಹೋಯಿತು. ಮಾಡ್ಯೂಲನ್ನು ಐದನೇ ಸ್ಲಾಟಿಗೆ ಹಾಕಿದೆ, ಹಸಿರು ದೀಪ ಬಂತು. ನಾಲ್ಕನೆಯದಕ್ಕೆ ಮುಚ್ಚಳ ಹಾಕಿದೆ. ಕೆಲಸ ಮುಗಿದ ಮೇಲೆ ತುಂಬುವ ಹಾಳೆಯಲ್ಲಿ ಪ್ರತಿ ಸ್ಲಾಟಿನ ಎದುರು ಒಂದು ಚೌಕ ಇರುತ್ತದೆ. 'ಸ್ಲಾಟ್ ನಾಲ್ಕು, ಖಾಲಿ, ಪರೀಕ್ಷಿಸಿದೆ, ಸರಿ ಇದೆ' ಎಂದು ಬರೆದು ಟಿಕ್ ಹಾಕಿ ಸಹಿ ಮಾಡಿದೆ.

ಒಂದೂವರೆ ತಿಂಗಳ ನಂತರ ಆಸ್ಪತ್ರೆಯಲ್ಲಿ ಹೊಸ ವಿಭಾಗ ತೆರೆಯುವುದಕ್ಕೆ ಇನ್ನೊಂದು ಮಾಡ್ಯೂಲ್ ಬೇಕಾಯಿತು. ಪೆಟ್ಟಿಗೆ ನಡೆಯುತ್ತಿರುವಾಗಲೇ ಹಾಕಬಹುದಾದಂಥದ್ದು, ಹಾಗಾಗಿ ವಾರದ ನಡುವಿನ ದಿನವೇ ಲವೀನಾ ಹೋದಳು. ಉಳಿದಿದ್ದದ್ದು ನಾಲ್ಕನೇ ಸ್ಲಾಟ್ ಒಂದೇ. ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಅವಳು ಚೀಲಕ್ಕೆ ಟಾರ್ಚ್ ಹಾಕಿಕೊಳ್ಳುವುದನ್ನು ನೋಡಿದೆ. ಯಾವಾಗಲೂ ಟಾರ್ಚ್ ಬಿಟ್ಟು ನೋಡುವವಳು, ಇವತ್ತೂ ನೋಡುತ್ತಾಳೆ, ಮಾಡ್ಯೂಲ್ ಹಾಕುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಬಿಡಲಿಲ್ಲ.

ಹನ್ನೊಂದೂವರೆಗೆ ಫೋನ್ ಬಂತು. ಇಡೀ ಆಸ್ಪತ್ರೆಯ ನೆಟ್‌ವರ್ಕ್ ಬಿದ್ದಿತ್ತು. ಪೈಗಳು ನನ್ನನ್ನು ಅಲ್ಲಿಗೆ ಓಡಿಸಿದರು. ನೋಂದಣಿಯ ಕೌಂಟರಿನಿಂದ ಗೇಟಿನ ತನಕ ಜನ ನಿಂತಿದ್ದರು. ರಕ್ತಪರೀಕ್ಷೆಯ ಚೀಟಿ ಹಿಡಿದು ನರ್ಸುಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಒಬ್ಬ ಮುದುಕಿ ಗೋಡೆಗೆ ಒರಗಿ ನೆಲದಲ್ಲೇ ಕೂತುಬಿಟ್ಟಿದ್ದಳು. ಒಳಗೆ ಲವೀನಾ ಮುಖ್ಯ ಕಾರ್ಡನ್ನು ಪರೀಕ್ಷಿಸುತ್ತಿದ್ದಳು. ನಾನು ನೇರ ಹೋಗಿ ನಾಲ್ಕನೇ ಸ್ಲಾಟಿನ ಮಾಡ್ಯೂಲ್ ಹೊರಗೆಳೆದು ಪೆಟ್ಟಿಗೆಯನ್ನು ಪುನಃ ಆನ್ ಮಾಡಿದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು.

ಕಂಪ್ಯೂಟರ್ ವಿಭಾಗದವರು ನನ್ನ ಕೈ ಕುಲುಕಿ, "ಅನುಭವ ಅಂದ್ರೆ ಇದು" ಎಂದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ಆ ಕ್ಷಣ ನನಗೆ ಖುಷಿಯಾಯಿತು.

ಲವೀನಾ ಅಷ್ಟರಲ್ಲಿ ಸ್ಲಾಟಿನೊಳಗೆ ಟಾರ್ಚ್ ಬಿಟ್ಟಿದ್ದಳು. ತುಂಬಾ ಹೊತ್ತು ನೋಡಿದಳು. ನಮ್ಮ ಊರಿನ ಉಪ್ಪುಗಾಳಿಗೆ ಲೋಹ ಬಾಗಿದಲ್ಲಿ ವಾರಗಳಲ್ಲೇ ಕಪ್ಪಾಗುತ್ತದೆ. ಅಂದೇ ಬಾಗಿದ ಪಿನ್ನಾದರೆ ಹೊಳೆಯಬೇಕಿತ್ತು.

"ದಿವಾಕರಣ್ಣ, ನಾಲ್ಕನೇ ಸ್ಲಾಟ್ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹೊಸದಾಗಿ ಹಾಕಿದ್ದು ಅದೇ ಅಲ್ವಾ?" ಎಂದೆ.

ಮರುದಿನ ಪೈಗಳು ನಮ್ಮಿಬ್ಬರನ್ನೂ ಕರೆದರು. ಮೇಜಿನ ಮೇಲೆ ನನ್ನ ಹಾಳೆ ಇತ್ತು.

"ಸರ್, ಅದು ಹಳೆಯ ಬಾಗು" ಎಂದಳು ಲವೀನಾ. "ಬಾಗಿದ ಜಾಗ ಕಪ್ಪಾಗಿದೆ. ನಾನು ಹಾಕುವ ಮೊದಲೇ ಬಾಗಿತ್ತು."

"ಟಾರ್ಚ್ ಬಿಟ್ಟು ನೋಡಿದ್ಯಾ ಹಾಕುವ ಮೊದಲು?"

"ಇಲ್ಲ. ಹಾಳೆಯಲ್ಲಿ ದಿವಾಕರಣ್ಣನ ಟಿಕ್ ಇತ್ತು. ಅದಕ್ಕೆ ನೋಡಲಿಲ್ಲ."

ಪೈಗಳು ಹಾಳೆಯನ್ನು ಅವಳ ಕಡೆ ತಿರುಗಿಸಿದರು. "ಅವನು ಸರಿ ಇದೆ ಅಂತ ಸಹಿ ಹಾಕಿದ್ದಾನೆ. ಹಾಗಾದರೆ ಅವನು ಸುಳ್ಳು ಬರೆದಿದ್ದಾನೆ ಅಂತ ಹೇಳ್ತಿಯಾ?"

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಕಾಯುತ್ತಿದ್ದಳು. ನಾನು ಮೇಜಿನ ಮೇಲಿನ ಪೆನ್ ಸ್ಟ್ಯಾಂಡನ್ನು ನೋಡಿದೆ. ಕೊನೆಗೆ ಅವಳೇ "ಇಲ್ಲ ಸರ್" ಎಂದಳು.

ಅವಳನ್ನು ಹೊರಗಿನ ಕೆಲಸದಿಂದ ತೆಗೆದು ಗೋಡೌನಿಗೆ ಹಾಕಿದರು. ಬಂದ ಪೆಟ್ಟಿಗೆಗಳ ನಂಬರು ಬರೆಯುವ ಕೆಲಸ. ಅಂದಿನಿಂದ ಅವಳು ನನ್ನನ್ನು ಅಣ್ಣ ಎನ್ನಲಿಲ್ಲ, ಬರೀ ದಿವಾಕರ್ ಎಂದಳು. ಎಂಟು ತಿಂಗಳಲ್ಲಿ ಕೆಲಸ ಬಿಟ್ಟು ವಾಮಂಜೂರಿನ ಕಡೆಯ ಒಂದು ಕಾಲೇಜಿನ ಲ್ಯಾಬಿಗೆ ಸೇರಿದಳು. ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಗೋಡೆಯ ಮೇಲಿನ ಅವಳ ಹಾಳೆಯನ್ನು ಯಾರೂ ತೆಗೆಯಲಿಲ್ಲ. ಹೊಸದಾಗಿ ಸೇರಿದ ಎಂಜಿನಿಯರುಗಳಲ್ಲಿ ಚೆನ್ನಾಗಿ ಕೆಲಸ ಮಾಡುವವರನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ಅವಳ ಹೆಸರು ಹೇಳುತ್ತಿದ್ದರು. ನನ್ನಿಂದ ಕಲಿತೆ ಎಂದು ಹೇಳಿದವರು ಒಬ್ಬರೂ ಇಲ್ಲ, ಏಕೆಂದರೆ ನಾನು ಯಾರಿಗೂ ಪೂರ್ತಿ ಕಲಿಸಿರಲಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಲ್ಯಾಪ್‌ಟಾಪನ್ನು ಚಾಸಿಗೆ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ಚಾಸಿಯ ಮುಂದೆ ಮಂಡಿಯೂರಬೇಕಿತ್ತು. ಈಗ ಬೆಂಗಳೂರಿನಲ್ಲಿ ಕೂತವರಿಗೆ ಇಲ್ಲಿ ಕೇಬಲ್ ಸಿಕ್ಕಿಸುವ ಒಂದು ಪೋರ್ಟ್ ಕೆಟ್ಟದ್ದು ಪರದೆಯ ಮೇಲೆ ಕಾಣುತ್ತದೆ. ಅನೇಕ ಕಡೆ ದೊಡ್ಡ ಚಾಸಿ ಹೋಗಿ ಒಂದರ ಮೇಲೊಂದು ಇಡುವ ಚಿಕ್ಕ ಸ್ವಿಚ್ಚುಗಳು ಬಂದಿವೆ. ಆದರೂ ಮಾಡ್ಯೂಲನ್ನು ಕೈಯಲ್ಲಿ ಹಿಡಿದು ಒಳಗೆ ಜಾರಿಸುವವನು ಒಬ್ಬ ಬೇಕೇ ಬೇಕು. ಅವನು ಏನು ಬರೆದು ಸಹಿ ಹಾಕುತ್ತಾನೋ ಅದನ್ನು ಮುಂದೆ ಬರುವವನು ನಂಬಬೇಕು. ಅದು ಬದಲಾಗಿಲ್ಲ.

ನಿವೃತ್ತನಾದ ವರ್ಷ ಪೈಗಳನ್ನು ನೋಡಲು ಬೋಳಾರದ ಅವರ ಮನೆಗೆ ಹೋಗಿದ್ದೆ. ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕಾಲು ಊದಿತ್ತು, ನೆನಪು ಮಾತ್ರ ಗಟ್ಟಿ. ಹಳಬರ ಮಾತು ಬಂದಾಗ ಹೇಳಿದರು, "ಲವೀನಾ ಬುದ್ಧಿವಂತೆ. ಆದರೆ ಎಂತ ಮಾಡುವುದು, ಕೈ ಒರಟು."

ನಾನು ಕಂಡ ಕೈಗಳಲ್ಲೆಲ್ಲ ಹಗುರವಾದ ಕೈ ಅವಳದು. ಪೈಗಳು ಅವಳನ್ನು ಬೈಯುವುದನ್ನು ಕೇಳಬೇಕೆಂದು ಎಷ್ಟು ವರ್ಷ ಆಸೆಪಟ್ಟಿದ್ದೆ! ಆ ಮಾತು ಕೇಳಿದಾಗ ಅವಲಕ್ಕಿಯ ತಟ್ಟೆಯನ್ನು ಅರ್ಧದಲ್ಲೇ ಕೆಳಗಿಟ್ಟೆ.

ಮರುವಾರ ವಾಮಂಜೂರಿಗೆ ಬಸ್ಸು ಹತ್ತಿದೆ. ಲವೀನಾ ಲ್ಯಾಬಿನ ಹೊರಗಿನ ಜಗಲಿಯಲ್ಲಿ ನಿಂತು ನನ್ನ ಮಾತು ಕೇಳಿಸಿಕೊಂಡಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಎಲ್ಲ ಹೇಳಿದೆ, ಹಳದಿ ದೀಪದ ಫೋನಿನ ವಿಷಯವನ್ನೂ, ಪೈಗಳು ಅವಳ ಕೈಯ ಬಗ್ಗೆ ಹೇಳಿದ್ದನ್ನೂ ಬಿಡಲಿಲ್ಲ.

"ಪಿನ್ನು ನೀವು ಬಾಗಿಸಿದ್ದು ನನಗೆ ಅಂದೇ ಗೊತ್ತಿತ್ತು" ಎಂದಳು. "ಪಿನ್ನು ಯಾರ ಕೈಯಲ್ಲೂ ಬಾಗ್ತದೆ. ಆದರೆ ಅಂದು ಪೈ ಸರ್ ಕೋಣೆಯಲ್ಲಿ ನಿಮ್ಮ ಬಾಯಿ ನೋಡಿಕೊಂಡು ನಿಂತಿದ್ದೆ ನಾನು. ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ. ಗೋಡೌನಿನಲ್ಲಿ ಎಂಟು ತಿಂಗಳು ಕೂಡ ಕಾದೆ. ಯಾಕೆ ದಿವಾಕರ್? ನಾನು ನಿಮಗೆ ಎಂತ ಮಾಡಿದ್ದೆ?"

"ಎಂತದ್ದೂ ಮಾಡಿರಲಿಲ್ಲ. ಪೈಗಳು ನಿನಗೆ ಗುಡ್ ಅಂತ ಹೇಳಿದರು. ನನಗೆ ಒಮ್ಮೆಯೂ ಹೇಳಲಿಲ್ಲ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಅಷ್ಟೇಯಾ? ನನ್ನ ಹತ್ತಿರ ಕ್ಷಮೆ ಕೇಳಬೇಡಿ. ಪೈ ಸರ್‌ಗೆ ಹೋಗಿ ಹೇಳಿ. ನನ್ನ ಕೈ ಒರಟು ಅಂತ ಅವರು ನಂಬಿಕೊಂಡು ಸಾಯುವುದು ಬೇಡ."

ನಾನು ಪುನಃ ಬೋಳಾರಕ್ಕೆ ಹೋದೆ. ಪೈಗಳು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ಆ ಭಾನುವಾರ ನನಗೊಂದು ಫೋನ್ ಮಾಡಿದ್ದರೆ ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ?"

"ಬೈತಿದ್ರಿ ಸರ್."

"ಹೌದು. ಐದು ನಿಮಿಷ ಬೈತಿದ್ದೆ. ಮತ್ತೆ ಹೊಸ ಪೆಟ್ಟಿಗೆಗೆ ಬರೀತಿದ್ದೆ. ಅಷ್ಟೇ."

ನನ್ನ ಹತ್ತಿರ ಲವೀನಾಳ ನಂಬರು ಕೇಳಿ, ಕನ್ನಡಕ ಹಾಕಿಕೊಂಡು ತಾವೇ ಒತ್ತಿದರು. ಮಾತೆಲ್ಲ ಕೊಂಕಣಿಯಲ್ಲಿ ಆಯಿತು. ಮೊದಲು ಒಂದೆರಡು ಸಲ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಲವೀನಾ ಏನೋ ಹೇಳಿದಳು, ಪೈಗಳು ಜೋರಾಗಿ ನಕ್ಕರು. ಅಷ್ಟು ವರ್ಷದಲ್ಲಿ ನನ್ನ ಜೊತೆ ಅವರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಕಾಲು ಗಂಟೆಯಾದರೂ ಮಾತು ಮುಗಿಯಲಿಲ್ಲ. ಹೊರಡುತ್ತೇನೆ ಎಂದು ಸನ್ನೆ ಮಾಡಿದೆ. ಅವರು ಕೈ ಎತ್ತಿ ಆಯ್ತು ಎಂದರು, ಕಣ್ಣು ನನ್ನ ಕಡೆ ಇರಲಿಲ್ಲ. ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುವಾಗಲೂ ಒಳಗಿನ ಮಾತು ಕೇಳಿಸುತ್ತಿತ್ತು. ನಾನು ಪಟ್ಟಿಯನ್ನು ಬೇಕೆಂದೇ ನಿಧಾನವಾಗಿ ಬಿಗಿದೆ. ನನ್ನ ಹೆಸರು ಒಮ್ಮೆಯಾದರೂ ಬರುತ್ತದೋ ಎಂದು ಕಿವಿಗೊಟ್ಟು ನಿಂತೆ. ಬರಲಿಲ್ಲ.